ಅಂಗೈಯಲ್ಲಿ ಜೇಡ್ ಕುಪ್ಪಿ, ಅಂಕೆ ಮೀರಿದ ಸಂಗ್ರಹ: ಚಕ್ರವರ್ತಿ ಚಿಯಾನ್‌ಲಾಂಗ್ ಬದುಕಿನ ಕಥೆ

ಎತ್ತರ ಆರೇಳು ಸೆಂಟಿಮೀಟರ್. ಮುಷ್ಟಿ ಬಿಗಿ ಹಿಡಿದರೆ ಒಳಗೇ ಅಡಗಿಬಿಡುವ ಗಾತ್ರ. ಮೇಲೊಂದು ಹವಳದ ಬಿರಡೆ, ಬಿರಡೆಯ ಅಡಿಗೆ ಅಂಟಿಕೊಂಡ ಕಡ್ಡಿಯಂಥ ದಂತದ ಚಮಚ. ಒಳಗೆ ಒಂದಿಷ್ಟು ನಶ್ಯ. ಚೀನಾದ ಚಿಂಗ್ ರಾಜವಂಶದ ಕಾಲದಲ್ಲಿ ಜೇಡ್ ಶಿಲೆಯಿಂದ ಕೊರೆದ ಇಂಥ ಪುಟ್ಟ ಕುಪ್ಪಿಗಳು ಇಂದು ಜಗತ್ತಿನ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟುಗಳಲ್ಲಿವೆ. ಹರಾಜಿಗೆ ಬಂದಾಗ ಸಂಗ್ರಾಹಕರು ಪೈಪೋಟಿಗೆ ಇಳಿಯುತ್ತಾರೆ.

ನಶ್ಯ ತುಂಬುವ ಕುಪ್ಪಿಯೊಂದು ಈ ಮಟ್ಟದ ಕಲಾಕೃತಿಯಾಗಿ ಬೆಳೆದುದರ ಹಿಂದೆ ಅನೇಕರ ಶ್ರಮವಿದೆ. ಆದರೆ ಎಲ್ಲರಿಗಿಂತ ಹೆಚ್ಚಾಗಿ ಕೇಳಿಬರುವ ಹೆಸರು ಒಬ್ಬನದೇ. ಆತ ಚಕ್ರವರ್ತಿ ಚಿಯಾನ್‌ಲಾಂಗ್. ಅರವತ್ತು ವರ್ಷ ಸಿಂಹಾಸನದ ಮೇಲೆ ಕುಳಿತು, ಮತ್ತೆ ಮೂರು ವರ್ಷ ಅದರ ಹಿಂದೆ ನಿಂತು ಆಳಿದ ಈ ದೊರೆ ಜೇಡ್ ಕಲ್ಲಿನ ಅಪ್ಪಟ ಆರಾಧಕ. ಆ ಕಲ್ಲಿಗಾಗಿ ಸಾವಿರಾರು ಜನ ಬೆಟ್ಟ ಅಗೆದರು, ಹಿಮದ ನೀರಿನಲ್ಲಿ ನಡೆದರು. ಕೆಲವರು ತಲೆ ಕಳೆದುಕೊಂಡರು. ಕಲ್ಲಿನೊಳಗಿನ ಕೂದಲೆಳೆಯಷ್ಟು ಬಿರುಕನ್ನೂ ಗುರುತಿಸಬಲ್ಲವನಾಗಿದ್ದ ಈತನಿಗೆ ತನ್ನ ಪಕ್ಕದಲ್ಲೇ ನಿಂತಿದ್ದ ಮನುಷ್ಯನ ದೋಷ ಕಾಣಲಿಲ್ಲ ಎಂಬುದೇ ಅವನ ಬದುಕಿನ ದೊಡ್ಡ ವಿಪರ್ಯಾಸ.

ಅಜ್ಜನ ಅಕ್ಕರೆಯ ಮೊಮ್ಮಗ

ಚಿಯಾನ್‌ಲಾಂಗ್ ಎಂಬುದು ಆಳ್ವಿಕೆಯ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಹಾಂಗ್‌ಲಿ. 1711ರ ಸೆಪ್ಟೆಂಬರ್ 25ರಂದು ಬೀಜಿಂಗ್‌ನಲ್ಲಿ ಜನನ. ತಂದೆ ಆಗಿನ್ನೂ ರಾಜಕುಮಾರ. ಮುಂದೆ ಯಾಂಗ್‌ಜೆಂಗ್ ಚಕ್ರವರ್ತಿ ಎನಿಸಿದಾತ. ತಾತ ಕಾಂಗ್‌ಷಿ ಚಕ್ರವರ್ತಿ. ಮಂಚೂರಿಯಾದಿಂದ ಬಂದು 1644ರಲ್ಲಿ ಬೀಜಿಂಗ್ ವಶಪಡಿಸಿಕೊಂಡ ಮಂಚು ಜನರ ಆಳ್ವಿಕೆಯನ್ನು ಚೀನಾದಲ್ಲಿ ಭದ್ರಗೊಳಿಸಿದವನು ಕಾಂಗ್‌ಷಿಯೇ.

1722ರಲ್ಲಿ ವೃದ್ಧ ಕಾಂಗ್‌ಷಿ ಹನ್ನೊಂದರ ಹರೆಯದ ಮೊಮ್ಮಗನನ್ನು ಅರಮನೆಗೆ ಕರೆಸಿ ತನ್ನ ಬಳಿ ಇರಿಸಿಕೊಂಡ. ಬಿಲ್ಲುವಿದ್ಯೆ, ಬೇಟೆ, ಓದು ಎಲ್ಲದರಲ್ಲೂ ಹುಡುಗ ಮುಂದು. ಅದೇ ವರ್ಷದ ಕೊನೆಗೆ ಅಜ್ಜ ತೀರಿಕೊಂಡರೂ ಆ ಕೆಲವು ತಿಂಗಳ ಒಡನಾಟವನ್ನು ಮೊಮ್ಮಗ ಜೀವಮಾನವಿಡೀ ಮರೆಯಲಿಲ್ಲ.

ನಶ್ಯದ ಅಭ್ಯಾಸ ಚೀನಾದ ಅರಮನೆಯನ್ನು ಹೊಕ್ಕಿದ್ದೂ ಈ ಅಜ್ಜನ ಕಾಲದಲ್ಲೇ. ಅಮೆರಿಕ ಖಂಡದ ಬೆಳೆಯಾದ ತಂಬಾಕು ಹದಿನಾರನೇ ಶತಮಾನದ ಕೊನೆಯ ವೇಳೆಗೆ ಐರೋಪ್ಯ ಹಡಗುಗಳ ಮೂಲಕ ಚೀನಾ ತಲುಪಿತ್ತು. ಅದರ ಪುಡಿಗೆ ಸುಗಂಧದ್ರವ್ಯ ಬೆರೆಸಿ ಮೂಗಿಗೇರಿಸುವ ರೂಢಿಯನ್ನು ಪರಿಚಯಿಸಿದವರಲ್ಲಿ ಜೆಸುಯಿಟ್ ಪಾದ್ರಿಗಳು ಪ್ರಮುಖರು. 1684ರಲ್ಲಿ ನಾನ್‌ಜಿಂಗ್‌ಗೆ ಬಂದಿದ್ದ ಕಾಂಗ್‌ಷಿ, ಪಾದ್ರಿಗಳು ತಂದಿದ್ದ ಕಾಣಿಕೆಗಳಲ್ಲಿ ನಶ್ಯವೊಂದನ್ನು ಇಟ್ಟುಕೊಂಡು ಉಳಿದುದನ್ನು ಮರಳಿಸಿದ ಎಂಬ ದಾಖಲೆಯಿದೆ. ತಲೆನೋವು, ನೆಗಡಿಗೆ ಅದು ಮದ್ದು ಎಂಬ ನಂಬಿಕೆಯೂ ಜತೆಗೂಡಿತು.

ಐರೋಪ್ಯರು ನಶ್ಯವನ್ನು ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಇಡುತ್ತಿದ್ದರು. ಚೀನಾದ ತೇವದ ಹವೆಗೆ ಅದು ಹೊಂದಲಿಲ್ಲ. ಪುಡಿ ಬೇಗ ಗಂಟು ಕಟ್ಟುತ್ತಿತ್ತು. ಚೀನೀಯರು ಬಹುಕಾಲದಿಂದ ಔಷಧಿಯ ಪುಡಿ ತುಂಬಿಡಲು ಕಿರಿದಾದ ಬಾಯಿಯ ಸಣ್ಣ ಕುಪ್ಪಿ ಬಳಸುತ್ತಿದ್ದರು. ಬಿಗಿಯಾದ ಬಿರಡೆಯ ಆ ಕುಪ್ಪಿಯೇ ನಶ್ಯಕ್ಕೂ ಒದಗಿಬಂತು. 1696ರಲ್ಲಿ ಕಾಂಗ್‌ಷಿ ಜರ್ಮನ್ ಪಾದ್ರಿ ಕಿಲಿಯನ್ ಸ್ಟಂಫ್ ಮೇಲ್ವಿಚಾರಣೆಯಲ್ಲಿ ಅರಮನೆಯ ಗಾಜಿನ ಕಾರ್ಯಾಗಾರವನ್ನು ತೆರೆದ ಮೇಲೆ ಗಾಜಿನ ಕುಪ್ಪಿಗಳು ಹೇರಳವಾಗಿ ತಯಾರಾದವು. ಆದರೆ ಚೀನೀಯರ ಮನಸ್ಸಿನಲ್ಲಿ ಎಲ್ಲಕ್ಕೂ ಮಿಗಿಲಾದ ಸ್ಥಾನ ಪಡೆದ ಜೇಡ್‌ನಲ್ಲಿ ಕುಪ್ಪಿ ಮಾಡಲು ಕಲ್ಲೇ ವಿರಳವಾಗಿತ್ತು.

ಸಿಂಹಾಸನ ಮತ್ತು ಸಂಕಟ

1735ರ ಅಕ್ಟೋಬರ್‌ನಲ್ಲಿ ಯಾಂಗ್‌ಜೆಂಗ್ ಹಠಾತ್ತನೆ ನಿಧನನಾದಾಗ ಹಾಂಗ್‌ಲಿಗೆ ಇಪ್ಪತ್ನಾಲ್ಕು ವರ್ಷ. ಮರುವರ್ಷದಿಂದ ಚಿಯಾನ್‌ಲಾಂಗ್ ಶಕೆ ಆರಂಭವಾಯಿತು. ತಂದೆ ಬಿಟ್ಟುಹೋದ ಬೊಕ್ಕಸ ತುಂಬಿತ್ತು. ಆಡಳಿತ ಯಂತ್ರ ಬಿಗಿಯಾಗಿತ್ತು. ಯುವ ದೊರೆ ಬೆಳಗಿನ ಜಾವವೇ ಎದ್ದು ಕಡತಗಳಿಗೆ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಿದ್ದ. ಮಂಚು, ಚೀನೀ, ಮಂಗೋಲ್ ಭಾಷೆಗಳು ಬಲ್ಲವನಾಗಿದ್ದು, ಟಿಬೆಟನ್ ಮತ್ತು ಉಯ್ಗುರ್ ಭಾಷೆಗಳನ್ನೂ ಮುಂದೆ ಕಲಿತ.

ಅರಮನೆಯ ಬದುಕಿನಲ್ಲಿ ಆತನಿಗೆ ಆಸರೆಯಾಗಿದ್ದವಳು ಪಟ್ಟದರಾಣಿ ಶಿಯಾವ್‌ಶಿಯಾನ್. ಆಡಂಬರ ಒಲ್ಲದ ಹೆಣ್ಣುಮಗಳು. ಮಂಚು ಪೂರ್ವಿಕರ ಸರಳತೆಯನ್ನು ನೆನಪಿಸುವಂತೆ ಜಿಂಕೆಯ ರೋಮ ಬಳಸಿ, ಚಕಮಕಿ ಕಲ್ಲಿಡುವ ಚೀಲವೊಂದನ್ನು ಆಕೆ ಕೈಯಾರೆ ಹೊಲಿದು ಗಂಡನಿಗೆ ಕೊಟ್ಟಿದ್ದಳು. ಆದರೆ ವಿಧಿ ಬೇರೆಯಿತ್ತು. ಉತ್ತರಾಧಿಕಾರಿಯಾಗಬೇಕಿದ್ದ ಮೊದಲ ಮಗ 1738ರಲ್ಲಿ ತೀರಿಕೊಂಡ. ಎರಡನೆಯ ಮಗ ಹಸುಗೂಸಾಗಿದ್ದಾಗಲೇ 1748ರ ಆರಂಭದಲ್ಲಿ ಸಿಡುಬಿಗೆ ಬಲಿಯಾದ. ಎರಡೇ ತಿಂಗಳಿಗೆ, ಶಾಂಡೊಂಗ್ ಪ್ರವಾಸದಿಂದ ಮರಳುವ ದಾರಿಯಲ್ಲಿ ರಾಣಿಯೂ ಅಸುನೀಗಿದಳು.

ಆ ಆಘಾತ ಚಕ್ರವರ್ತಿಯನ್ನು ಬದಲಿಸಿತೆಂದು ಇತಿಹಾಸಕಾರರು ಗುರುತಿಸುತ್ತಾರೆ. ಶೋಕಾಚರಣೆಯಲ್ಲಿ ಕೊರತೆ ಕಂಡುಬಂದ ಅಧಿಕಾರಿಗಳ ಮೇಲೆ ಆತ ಹರಿಹಾಯ್ದ. ಶೋಕಕಾಲದಲ್ಲಿ ತಲೆಗೂದಲು ಬೋಳಿಸಿಕೊಂಡವರಿಗೆ ಕಠಿಣ ಶಿಕ್ಷೆಯಾಯಿತು. ರಾಣಿ ಹೊಲಿದ ಚೀಲವನ್ನು ಮಾತ್ರ ಆತ ಜೋಪಾನವಾಗಿ ತೆಗೆದಿರಿಸಿದ. ಅದೀಗ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ.

ಬೊಗಸೆಯಲ್ಲಿ ಹಿಡಿಯಬಹುದಾದ ಚಿಕ್ಕ ವಸ್ತುಗಳ ಮೇಲಿನ ಆತನ ಮೋಹ ದೊಡ್ಡದು. ಅರಮನೆಯ ಸಾವಿರಾರು ಕೊಠಡಿಗಳ ನಡುವೆ ಆತನಿಗೆ ಅಚ್ಚುಮೆಚ್ಚಾದದ್ದು ಪುಟ್ಟದೊಂದು ಕೋಣೆ. ಮೂರು ಪ್ರಾಚೀನ ಕೈಬರಹಗಳನ್ನು ಇರಿಸಿಕೊಂಡು 1746ರಲ್ಲಿ ಅದಕ್ಕೆ ಮೂರು ಅಪೂರ್ವಗಳ ಮಂದಿರವೆಂದು ಹೆಸರಿಟ್ಟ. ಪೆಟ್ಟಿಗೆಯೊಳಗೆ ಅರೆ, ಅರೆಯೊಳಗೆ ಗುಪ್ತ ಸೆಳೆಖಾನೆ, ಅದರೊಳಗೆ ಹೆಬ್ಬೆರಳ ಗಾತ್ರದ ಜೇಡ್ ಗೊಂಬೆ ಹೀಗೆ ಕೂಡಿಸಿದ ಸಂಗ್ರಹ ಪೆಟ್ಟಿಗೆಗಳನ್ನು ಮಾಡಿಸಿದ. ಜೇಡ್‌ನ ನಶ್ಯದ ಕುಪ್ಪಿ ಈ ಅಭಿರುಚಿಗೆ ಹೇಳಿ ಮಾಡಿಸಿದಂತಿತ್ತು.

ಗೆದ್ದ ನಾಡು, ಬಂದ ಕಲ್ಲು

ಚೀನಾದಲ್ಲಿ ಶತಮಾನಗಳಿಂದ ಮನ್ನಣೆ ಪಡೆದಿದ್ದ ಉತ್ತಮ ಜೇಡ್ ದೊರೆಯುತ್ತಿದ್ದುದು ದೂರದ ಪಶ್ಚಿಮದಲ್ಲಿ, ಕುನ್‌ಲುನ್ ಪರ್ವತಗಳ ತಪ್ಪಲಿನ ಖೋತಾನ್ ಮತ್ತು ಯಾರ್ಕಂದ್ ಪ್ರದೇಶದಲ್ಲಿ. ಖನಿಜಶಾಸ್ತ್ರದಲ್ಲಿ ಇದಕ್ಕೆ ನೆಫ್ರೈಟ್ ಎಂದು ಹೆಸರು. ಆ ಸೀಮೆ ಆಗ ಜುಂಗಾರ್ ಮಂಗೋಲರ ಹಿಡಿತದಲ್ಲಿತ್ತು. ಕಲ್ಲು ಬರುತ್ತಿತ್ತಾದರೂ ವ್ಯಾಪಾರಿಗಳ ಮೂಲಕ, ಅಷ್ಟಿಷ್ಟು ಮಾತ್ರ.

1755ರಲ್ಲಿ ಚಿಯಾನ್‌ಲಾಂಗ್‌ನ ಸೇನೆ ಜುಂಗಾರ್ ನಾಡಿಗೆ ನುಗ್ಗಿತು. ಸೋತವರು ದಂಗೆಯೆದ್ದಾಗ ಚಕ್ರವರ್ತಿ ದಯೆ ತೋರಬಾರದೆಂದು ಸೇನಾನಿಗಳಿಗೆ ಆಜ್ಞಾಪಿಸಿದ. ಹತ್ಯಾಕಾಂಡ ಮತ್ತು ಸಿಡುಬಿನ ನಡುವೆ ಜುಂಗಾರರು ಒಂದು ಜನಾಂಗವಾಗಿ ಅಳಿದೇಹೋದರು. 1759ರ ವೇಳೆಗೆ ಯಾರ್ಕಂದ್, ಖೋತಾನ್‌ಗಳೂ ಚಿಂಗ್ ಆಳ್ವಿಕೆಗೆ ಒಳಪಟ್ಟವು. ಇಂದಿನ ಷಿನ್‌ಜಿಯಾಂಗ್ ಚೀನಾದ ನಕಾಶೆಗೆ ಸೇರಿದ್ದು ಹೀಗೆ.

ಮರುವರ್ಷದಿಂದಲೇ ಕಪ್ಪದ ರೂಪದಲ್ಲಿ ಜೇಡ್ ಬರತೊಡಗಿತು. ವಸಂತಕ್ಕೊಮ್ಮೆ, ಶರದೃತುವಿಗೊಮ್ಮೆ, ವರ್ಷಕ್ಕೆ ಸುಮಾರು ಎರಡು ಟನ್. ಅರಮನೆಯ ಜೇಡ್ ಕಲೆಯ ಸುವರ್ಣಯುಗ ಎಂದು ಇಂದು ಕರೆಯುವ ಅವಧಿ ಶುರುವಾದದ್ದು ಈ ಯುದ್ಧದ ಮರುದಿನಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ.

ನದಿಯಿಂದ ಕುಪ್ಪಿಯವರೆಗೆ

ಖೋತಾನ್‌ನಲ್ಲಿ ಎರಡು ನದಿಗಳು ಹೆಸರುವಾಸಿ. ಯುರುಂಗ್‌ಕಾಶ್ ಎಂದರೆ ಬಿಳಿ ಜೇಡ್ ನದಿ, ಕರಾಕಾಶ್ ಎಂದರೆ ಕಪ್ಪು ಜೇಡ್ ನದಿ. ಬೇಸಿಗೆಯಲ್ಲಿ ಹಿಮ ಕರಗಿ ಬರುವ ಪ್ರವಾಹ ಬೆಟ್ಟದ ಕಲ್ಲುಗಳನ್ನು ಉರುಳಿಸಿ ತರುತ್ತದೆ. ನೀರು ಇಳಿದಾಗ ಹುಡುಕಾಟ ಆರಂಭ. ಸ್ಥಳೀಯ ಉಯ್ಗುರ್ ಕೂಲಿಗಳನ್ನು ಸಾಲಾಗಿ ನಿಲ್ಲಿಸಿ, ಬರಿಗಾಲಲ್ಲಿ ನದಿಗೆ ಇಳಿಸಲಾಗುತ್ತಿತ್ತು. ಅಂಗಾಲಿನ ಸ್ಪರ್ಶದಿಂದಲೇ ಅವರು ಜೇಡ್ ಗುರುತಿಸುತ್ತಿದ್ದರು. ಒಬ್ಬ ಬಾಗಿ ಕಲ್ಲೆತ್ತಿದೊಡನೆ ದಡದಲ್ಲಿದ್ದ ಸೈನಿಕ ಜಾಗಟೆ ಬಾರಿಸುತ್ತಿದ್ದ. ಅಧಿಕಾರಿ ಲೆಕ್ಕದ ಹಾಳೆಯಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದ. ಕೊನೆಯಲ್ಲಿ ಚುಕ್ಕೆಗಳ ಲೆಕ್ಕಕ್ಕೆ ಕಲ್ಲುಗಳನ್ನು ಒಪ್ಪಿಸಲೇಬೇಕು. ಅಂದಿನ ಚಿಂಗ್ ಅಧಿಕಾರಿಯೊಬ್ಬನ ಬರವಣಿಗೆಯಿಂದ ಈ ವಿವರ ತಿಳಿದುಬರುತ್ತದೆ.

ಹೀಗೆ ಸಿಕ್ಕ ಕಲ್ಲುಗಳು ಮರುಭೂಮಿ ದಾಟಿ ತಿಂಗಳುಗಟ್ಟಲೆ ಪಯಣಿಸಿ ಬೀಜಿಂಗ್ ತಲುಪುತ್ತಿದ್ದವು. ಅರಮನೆಯ ಕಾರ್ಯಾಗಾರದಲ್ಲಿ ವಿಂಗಡಣೆ. ಬೆಣ್ಣೆಯಂತೆ ಹೊಳೆಯುವ, ಕುರಿಯ ಕೊಬ್ಬಿನ ಬಣ್ಣದ್ದೆಂದು ಕರೆಸಿಕೊಳ್ಳುವ ಬಿಳಿ ಜೇಡ್‌ಗೆ ಅಗ್ರಸ್ಥಾನ.

ಜೇಡ್ ಕೆತ್ತನೆ ಎಂಬ ಮಾತು ರೂಢಿಯಲ್ಲಿದ್ದರೂ ನಿಜಕ್ಕೂ ಅದನ್ನು ಕೆತ್ತಲಾಗದು. ಉಕ್ಕಿನ ಉಳಿ ಅದರ ಮೇಲೆ ಜಾರುತ್ತದೆ. ಕಾಲಿನಿಂದ ತುಳಿದು ತಿರುಗಿಸುವ ಯಂತ್ರಕ್ಕೆ ಲೋಹದ ಬಿಲ್ಲೆ ಜೋಡಿಸಿ, ಜೇಡ್‌ಗಿಂತ ಗಟ್ಟಿಯಾದ ಖನಿಜದ ಮರಳನ್ನು ನೀರಿನಲ್ಲಿ ಕಲಸಿ ಸುರಿಯುತ್ತ, ಕಲ್ಲನ್ನು ತಿಲತಿಲವಾಗಿ ಸವೆಸಬೇಕು. ಕೊರೆಯುವುದು ಮರಳು; ಬಿಲ್ಲೆ ಅದನ್ನು ಒತ್ತಿ ಹಿಡಿಯುತ್ತದೆಯಷ್ಟೆ.

ನಶ್ಯದ ಕುಪ್ಪಿಯಲ್ಲಿ ಇದು ಇನ್ನೂ ಕಠಿಣ. ಹೊರಗಿನ ಆಕಾರ ಮುಗಿದ ಮೇಲೆ, ಬಟಾಣಿ ಕಾಳಿನಷ್ಟು ಅಗಲದ ಬಾಯಿಯಿಂದ ಒಳಗಿನ ಕಲ್ಲನ್ನೆಲ್ಲ ಹೊರತೆಗೆಯಬೇಕು. ಮೊದಲು ಕೊಳವೆಯಾಕಾರದ ಬೈರಿಗೆಯಿಂದ ನೇರ ರಂಧ್ರ. ಬಳಿಕ ತುದಿ ಬಾಗಿದ ಸಲಕರಣೆಗಳನ್ನು ಇಳಿಸಿ ಹೆಗಲಿನ ಭಾಗವನ್ನು ಕಣ್ಣಿಗೆ ಕಾಣದಂತೆಯೇ ಸವೆಸುವುದು. ಕೈ ತುಸು ಹೆಚ್ಚು ಒತ್ತಿದರೆ ಗೋಡೆ ತೂತಾಗಿ ತಿಂಗಳ ದುಡಿಮೆ ವ್ಯರ್ಥ. ಒಳಭಾಗವನ್ನು ಎಷ್ಟು ಅಚ್ಚುಕಟ್ಟಾಗಿ ಖಾಲಿ ಮಾಡಲಾಗಿದೆ ಎಂಬುದೇ ಇಂದಿಗೂ ಹಳೆಯ ಕುಪ್ಪಿಯ ಗುಣಮಟ್ಟ ಅಳೆಯುವ ಒಂದು ಮಾನದಂಡ. ಚೆನ್ನಾಗಿ ಕೊರೆದ ಕುಪ್ಪಿ ಕೈಗೆ ಹಗುರ.

ಆಕಾರಗಳಲ್ಲೂ ಅರ್ಥವಿರುತ್ತಿತ್ತು. ಪೀಚ್ ಹಣ್ಣು ದೀರ್ಘಾಯುಷ್ಯಕ್ಕೆ, ಬಳ್ಳಿ ಸುತ್ತಿದ ಸೋರೆಬುರುಡೆ ಸಂತಾನಕ್ಕೆ ಸಂಕೇತ. ಬಾವಲಿಯ ಚೀನೀ ಹೆಸರೂ ಸೌಭಾಗ್ಯ ಎಂಬ ಪದವೂ ಒಂದೇ ಧ್ವನಿಯವಾದ್ದರಿಂದ ಕುಪ್ಪಿಗಳ ಮೇಲೆ ಬಾವಲಿ ಹಾರಾಡುವುದು ಸಾಮಾನ್ಯ. ನದಿಗಲ್ಲಿನ ಮೇಲಿರುವ ಕಂದು ಬಣ್ಣದ ತೊಗಟೆಯನ್ನು ಎಸೆಯದೆ, ಅದರಲ್ಲೇ ಪೈನ್ ಮರ, ಬಂಡೆ, ಮುದುಕ, ಮೋಡಗಳನ್ನು ಮೂಡಿಸಿ ಬಿಳಿಯ ಭಾಗವನ್ನು ಹಿನ್ನೆಲೆಯಾಗಿ ಬಿಡುವ ಚಾತುರ್ಯ ಕುಶಲಕರ್ಮಿಗಳಿಗಿತ್ತು.

ಅರಮನೆಯಲ್ಲದೆ ದಕ್ಷಿಣದ ಸುಜೌ ನಗರವೂ ಜೇಡ್ ಕೆಲಸಕ್ಕೆ ಪ್ರಸಿದ್ಧ. ಅಲ್ಲಿನ ಝುವಾನ್‌ಝು ಗಲ್ಲಿಯ ಕುಶಲಕರ್ಮಿಗಳನ್ನು ಬೀಜಿಂಗ್‌ಗೆ ಕರೆಸಿಕೊಳ್ಳಲಾಗುತ್ತಿತ್ತು. 1751 ರಿಂದ 1784ರ ನಡುವೆ ಆರು ಬಾರಿ ದಕ್ಷಿಣ ಪ್ರವಾಸ ಕೈಗೊಂಡ ಚಕ್ರವರ್ತಿ ಸುಜೌ, ಯಾಂಗ್‌ಜೌಗಳ ಸೊಬಗಿಗೆ ಮಾರುಹೋಗಿದ್ದ. ಕುಪ್ಪಿಗಳು ಆತನ ಕೈಯಿಂದ ಅಧಿಕಾರಿಗಳಿಗೆ, ಮಂಗೋಲ್ ಸರದಾರರಿಗೆ ಉಡುಗೊರೆಯಾಗಿ ಹೋಗುತ್ತಿದ್ದವು. ದೊರೆ ಕೊಟ್ಟ ಕುಪ್ಪಿ ಸೊಂಟದಲ್ಲಿದ್ದರೆ ಆಸ್ಥಾನದಲ್ಲಿ ಅದರ ಗೌರವವೇ ಬೇರೆ.

ಹಿಂದೂಸ್ತಾನದ ಜೇಡ್ ಬೆರಗು

ಹೊಸದಾಗಿ ಗೆದ್ದ ಪಶ್ಚಿಮ ಪ್ರಾಂತ್ಯದ ಮೂಲಕ ಮತ್ತೊಂದು ಬಗೆಯ ವಸ್ತುಗಳೂ ಬರತೊಡಗಿದವು. ಮೊಗಲರ ಭಾರತದಲ್ಲಿ ತಯಾರಾದ ಜೇಡ್ ಬಟ್ಟಲು, ತಟ್ಟೆಗಳವು. ಕಾಗದದಷ್ಟು ತೆಳುವಾದ ಗೋಡೆ, ಹೂವಿನ ದಳಗಳ ಅಂಚು, ಚಿನ್ನದೆಳೆಯಲ್ಲಿ ಕೂರಿಸಿದ ಕೆಂಪು. ಮುಟ್ಟಿದರೆ ಉಬ್ಬುತಗ್ಗು ತಿಳಿಯದಷ್ಟು ನಯ. ಚಿಯಾನ್‌ಲಾಂಗ್ ಬೆರಗಾದ. ಇವು ಎಲ್ಲಿಂದ ಬಂದವು ಎಂದು ಗ್ರಂಥಗಳನ್ನು ಶೋಧಿಸಿ 1768ರಲ್ಲಿ ಹಿಂದೂಸ್ತಾನದ ಭೂಗೋಳದ ಬಗ್ಗೆ ಪ್ರಬಂಧವನ್ನೇ ಬರೆದ. ಈ ಪಾತ್ರೆಗಳನ್ನು ಹೊಗಳಿ ಹತ್ತಾರು ಕವಿತೆ ರಚಿಸಿ, ಕೆಲವನ್ನು ಅವುಗಳ ಮೈಮೇಲೆಯೇ ಕೊರೆಸಿದ. ತನ್ನ ಕುಶಲಕರ್ಮಿಗಳಿಗೂ ಆ ತೆಳುತನ ಸಾಧಿಸುವಂತೆ ಆಜ್ಞೆಯಿತ್ತ.

ಬರವಣಿಗೆ ಆತನಿಗೆ ಚಟವೇ ಆಗಿತ್ತು. ಆತನ ಹೆಸರಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಕವಿತೆಗಳಿವೆ. ಕಾವ್ಯಗುಣದ ಬಗ್ಗೆ ವಿಮರ್ಶಕರು ಉದಾರರಾಗಿಲ್ಲ. ಆದರೆ ಯಾವ ವಸ್ತು ಯಾವಾಗ ಕೈಸೇರಿತು, ಆತ ಅದನ್ನು ಹೇಗೆ ಕಂಡ ಎಂಬುದಕ್ಕೆ ಇವು ಅಮೂಲ್ಯ ದಾಖಲೆ.

ಜೇಡ್ ವಿಷಯದಲ್ಲಿ ಆತ ನಿಷ್ಠುರ ವಿಮರ್ಶಕ. ಲಾಭದಾಸೆಯಿಂದ ಮಾರುಕಟ್ಟೆಯ ಕೆಲಸಗಾರರು ಒಳ್ಳೆಯ ಕಲ್ಲನ್ನು ಅತಿಯಾಗಿ ಕೊರೆದು, ತೂತು ತೂತಾಗಿಸಿ, ಯಾವ ಉಪಯೋಗಕ್ಕೂ ಬಾರದ ಅಲಂಕಾರದ ವಸ್ತು ಮಾಡುತ್ತಿದ್ದಾರೆ ಎಂಬುದು ಆತನ ಕೊರಗು. ಆ ಪ್ರವೃತ್ತಿಯನ್ನು ಜೇಡ್‌ಗೆ ಒದಗಿದ ವಿಪತ್ತು ಎಂದೇ ಬಣ್ಣಿಸಿದ. ಪ್ರಾಚೀನ ಕಂಚಿನ ಪಾತ್ರೆಗಳ ಗಂಭೀರ ವಿನ್ಯಾಸಗಳತ್ತ ಕುಶಲಕರ್ಮಿಗಳನ್ನು ತಿರುಗಿಸಿದ. ಪುರಾತನ ಅಲಂಕರಣ ಹೊತ್ತ ಜೇಡ್ ಕುಪ್ಪಿಗಳು ಅವನ ಕಾಲದಲ್ಲಿ ಕಾಣಿಸಿಕೊಂಡದ್ದು ಈ ಒಲವಿನಿಂದಲೇ.

ಆದರೆ ಮಿತಿಯ ಪಾಠ ಹೇಳಿದ ದೊರೆಗೆ ಸ್ವತಃ ಮಿತಿ ಇರಲಿಲ್ಲ. ನೀರಿನ ಪ್ರವಾಹ ಪಳಗಿಸಿದ ಪುರಾಣಪುರುಷ ಮಹಾ ಯು ಕಥೆಯನ್ನು ಕಡೆಯಲು ಐದು ಟನ್‌ಗೂ ಮಿಕ್ಕಿದ ಜೇಡ್ ಬಂಡೆಯನ್ನು ಪಶ್ಚಿಮದಿಂದ ಎಳೆತರಿಸಿದ. ಮೊದಲು ಮೇಣದ ಮಾದರಿ, ಅದು ದಕ್ಷಿಣದ ಸೆಕೆಗೆ ಕರಗೀತೆಂದು ಮರದ ಮಾದರಿ. ಯಾಂಗ್‌ಜೌನಲ್ಲಿ ವರ್ಷಗಟ್ಟಲೆ ನಡೆದ ಕೆಲಸ ಮುಗಿದು 1787ರಲ್ಲಿ ಬಂಡೆ ಬೀಜಿಂಗ್‌ಗೆ ಮರಳಿತು. 2.24 ಮೀಟರ್ ಎತ್ತರದ ಈ ಜೇಡ್ ಪರ್ವತ ನಿಷೇಧಿತ ನಗರದಲ್ಲಿ ಇಂದಿಗೂ ನಿಂತಿದೆ.

ಯಾರ್ಕಂದಿನ ಹಗರಣ

1778ರಲ್ಲಿ ಪಶ್ಚಿಮದಿಂದ ಬಂದ ಸುದ್ದಿಯೊಂದು ಆಸ್ಥಾನವನ್ನು ನಡುಗಿಸಿತು. ಯಾರ್ಕಂದಿನಲ್ಲಿ ಚಕ್ರವರ್ತಿಯ ಪ್ರತಿನಿಧಿಯಾಗಿದ್ದ ಗಾವ್ ಪು ಎಂಬಾತ ಮೂರು ಸಾವಿರಕ್ಕೂ ಹೆಚ್ಚು ಸ್ಥಳೀಯರನ್ನು ಬಲವಂತದ ದುಡಿಮೆಗೆ ಹಚ್ಚಿ, ಬೆಟ್ಟದಿಂದ ಜೇಡ್ ತೆಗೆಸಿ, ಕಳ್ಳದಾರಿಯಲ್ಲಿ ಸುಜೌಗೆ ಸಾಗಿಸಿ ಮಾರಿಸುತ್ತಿದ್ದ. ಜನರ ಸಂಕಟ ಕಂಡ ಸ್ಥಳೀಯ ಮುಸ್ಲಿಂ ಆಡಳಿತಗಾರ ಸೆತಿಬಾಲ್ದಿ ದೂರು ಕೊಟ್ಟ.

ಗಾವ್ ಪು ಸಾಮಾನ್ಯನಲ್ಲ. ಚಕ್ರವರ್ತಿಯ ದಿವಂಗತ ಪ್ರಿಯ ಪತ್ನಿಯೊಬ್ಬಳ ಸೋದರನ ಮಗ. ಈತನ ತಂದೆಗೂ ಹಿಂದೆ ಉಪ್ಪಿನ ಸುಂಕದ ಭ್ರಷ್ಟಾಚಾರದಲ್ಲಿ ಮರಣದಂಡನೆಯಾಗಿತ್ತು. ಚಿಯಾನ್‌ಲಾಂಗ್ ಈ ಬಾರಿಯೂ ಕನಿಕರ ತೋರಲಿಲ್ಲ. ಗಾವ್ ಪುವನ್ನು ಯಾರ್ಕಂದಿನಲ್ಲೇ ವಧಿಸಲಾಯಿತು. ಖಾಸಗಿ ಜೇಡ್ ವ್ಯಾಪಾರದ ಮೇಲಿನ ನಿರ್ಬಂಧ ಮತ್ತಷ್ಟು ಬಿಗಿಯಾಯಿತು.

ನ್ಯಾಯ ಸಿಕ್ಕಿತು ನಿಜ. ಆದರೆ ಗಾವ್ ಪುವಿನಂಥವರನ್ನು ಹುಟ್ಟಿಸಿದ ಹಸಿವು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಆಸ್ಥಾನದಲ್ಲಿ ಎತ್ತುವವರಿರಲಿಲ್ಲ. ಹಬ್ಬ, ಹುಟ್ಟುಹಬ್ಬಗಳಿಗೆ ಅಧಿಕಾರಿಗಳು ದೊರೆಗೆ ಜೇಡ್ ಕಾಣಿಕೆ ಒಪ್ಪಿಸುವುದು ವಾಡಿಕೆಯಾಗಿತ್ತು. ದೊರೆಯ ಅಭಿರುಚಿ ಬಲ್ಲವರು ಅದಕ್ಕೆ ತಕ್ಕ ಕಲ್ಲು ಹುಡುಕುತ್ತಿದ್ದರು. ಅದರ ಬೆಲೆ ಕೊನೆಗೆ ಬೀಳುತ್ತಿದ್ದುದು ರೈತನ ಮೇಲೆ, ನದಿಗಿಳಿದ ಕೂಲಿಯ ಮೇಲೆ.

ಮಂಗಳೂರಿನಿಂದ ಜೆಹೋಲ್‌ಗೆ

1793ರ ಸೆಪ್ಟೆಂಬರ್ 14ರಂದು ಬೀಜಿಂಗ್‌ನ ಉತ್ತರಕ್ಕಿರುವ ಬೇಸಿಗೆ ರಾಜಧಾನಿ ಜೆಹೋಲ್‌ನಲ್ಲಿ ವೃದ್ಧ ಚಕ್ರವರ್ತಿ ಬ್ರಿಟನ್ನಿನ ರಾಯಭಾರಿ ಲಾರ್ಡ್ ಮೆಕಾರ್ಟ್ನಿಯನ್ನು ಬರಮಾಡಿಕೊಂಡ. ಕನ್ನಡನಾಡಿಗೆ ಈ ಹೆಸರು ಅಪರಿಚಿತವಲ್ಲ. ಎರಡನೇ ಮೈಸೂರು ಯುದ್ಧ ಕೊನೆಗೊಂಡಾಗ ಮದರಾಸಿನ ಗವರ್ನರ್ ಆಗಿದ್ದವನು ಈತನೇ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನೊಂದಿಗೆ ಏರ್ಪಟ್ಟ ಮಂಗಳೂರು ಒಪ್ಪಂದಕ್ಕೆ ಈತ ಕಳುಹಿಸಿದ್ದ ಮೂವರು ಪ್ರತಿನಿಧಿಗಳಲ್ಲಿ ಜಾರ್ಜ್ ಲಿಯೊನಾರ್ಡ್ ಸ್ಟಾಂಟನ್ ಒಬ್ಬ. ಅದೇ ಸ್ಟಾಂಟನ್ ಒಂಬತ್ತು ವರ್ಷಗಳ ಬಳಿಕ ರಾಯಭಾರ ಕಚೇರಿಯ ಕಾರ್ಯದರ್ಶಿಯಾಗಿ ಜೆಹೋಲ್‌ನಲ್ಲಿ ನಿಂತಿದ್ದ. ಜತೆಯಲ್ಲಿ ಹನ್ನೆರಡರ ಮಗ.

ಹಡಗಿನ ಪಯಣದಲ್ಲೇ ಚೀನೀ ಭಾಷೆ ಕಲಿತಿದ್ದ ಆ ಬಾಲಕ ನಾಲ್ಕು ಮಾತಾಡಿದ್ದು ಕೇಳಿ ಚಕ್ರವರ್ತಿ ಹಿಗ್ಗಿದ. ತನ್ನ ಸೊಂಟಪಟ್ಟಿಯಲ್ಲಿದ್ದ ರೇಷ್ಮೆ ಚೀಲವನ್ನು ಬಿಚ್ಚಿ ಹುಡುಗನ ಕೈಗಿತ್ತ. ರಾಯಭಾರಿಗೆ ಸಿಕ್ಕಿದ್ದು ಜೇಡ್‌ನ ರಾಜದಂಡದಂಥ ಶುಭವಸ್ತು. ಚೀನೀಯರ ದೃಷ್ಟಿಯಲ್ಲಿ ಅದಕ್ಕಿಂತ ಮಿಗಿಲಾದ ಗೌರವ ವಿರಳ. ಮೆಕಾರ್ಟ್ನಿಗೆ ಮಾತ್ರ ಅದರಲ್ಲಿ ಹೇಳಿಕೊಳ್ಳುವಂಥ ಬೆಲೆ ಕಾಣಲಿಲ್ಲ. ಬ್ರಿಟಿಷರು ತಂದಿದ್ದ ಗ್ರಹಚಲನೆಯ ಯಂತ್ರ, ದೂರದರ್ಶಕ, ಫಿರಂಗಿಗಳ ಬಗ್ಗೆ ಚಕ್ರವರ್ತಿಯೂ ಉದಾಸೀನ ತೋರಿದ. ಹೆಚ್ಚಿನ ವ್ಯಾಪಾರಕ್ಕೆ ಬ್ರಿಟನ್ ಇಟ್ಟ ಬೇಡಿಕೆಗಳೆಲ್ಲ ತಿರಸ್ಕೃತಗೊಂಡವು. ಒಬ್ಬರ ಅಮೂಲ್ಯ ವಸ್ತು ಇನ್ನೊಬ್ಬರಿಗೆ ಆಟಿಕೆಯಾಗಿ ಕಂಡ ಆ ಭೇಟಿಯ ಪರಿಣಾಮವನ್ನು ಮುಂದಿನ ಶತಮಾನದ ಅಫೀಮು ಯುದ್ಧಗಳಲ್ಲಿ ಚೀನಾ ಅನುಭವಿಸಿತು.

ಕಾಣದೇ ಹೋದ ಬಿರುಕು

ಚಕ್ರವರ್ತಿಯ ಕೊನೆಯ ಎರಡು ದಶಕಗಳಲ್ಲಿ ಆತನ ನೆರಳಿನಂತಿದ್ದವನು ಹೆಷೆನ್. ಅರಮನೆಯ ಕಾವಲುಪಡೆಯಲ್ಲಿದ್ದ ಈ ಚುರುಕು ಯುವಕ 1775ರ ಬಳಿಕ ಅಚ್ಚರಿಯ ವೇಗದಲ್ಲಿ ಮೇಲೇರಿ ಹಣಕಾಸು, ನೇಮಕಾತಿಗಳನ್ನು ಕೈಗೆ ತೆಗೆದುಕೊಂಡ. ದೊರೆ ತನ್ನ ಮುದ್ದಿನ ಕಿರಿಯ ಮಗಳನ್ನು ಹೆಷೆನ್‌ನ ಮಗನಿಗೆ ಕೊಟ್ಟು ಬೀಗತನ ಬೆಳೆಸಿದ.

ತಪ್ಪಿತಸ್ಥ ಅಧಿಕಾರಿಗಳು ಶಿಕ್ಷೆಯ ಬದಲು ದಂಡ ಕಟ್ಟಿ ಪಾರಾಗುವ ಪದ್ಧತಿಯನ್ನು ಹೆಷೆನ್ ನೋಡಿಕೊಳ್ಳುತ್ತಿದ್ದ. ಆ ಹಣ ಚಕ್ರವರ್ತಿಯ ಸ್ವಂತ ಖಜಾನೆ ಸೇರುತ್ತಿತ್ತು. ಅರಮನೆಗೆ ಬರುವ ಕಾಣಿಕೆಗಳಿಗೂ ಆತನ ಮನೆಯೇ ಹೆದ್ದಾರಿ. ದಂಡ ಕಟ್ಟಿದವನು ಅದನ್ನು ಪ್ರಜೆಗಳಿಂದ ಹಿಂಡುತ್ತಿದ್ದ. ಚಿಯಾನ್‌ಲಾಂಗ್ ಕಾಲದಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗಿ ಮೂವತ್ತು ಕೋಟಿ ಮೀರಿತ್ತು. ಉಳುವ ನೆಲ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. 1796ರಲ್ಲಿ ಮಧ್ಯ ಚೀನಾದ ಬೆಟ್ಟನಾಡಿನಲ್ಲಿ ಶ್ವೇತಕಮಲ ಬಂಡಾಯ ಭುಗಿಲೆದ್ದಿತು.

ಅದೇ ವರ್ಷ ಚಿಯಾನ್‌ಲಾಂಗ್ ಪಟ್ಟ ಬಿಟ್ಟುಕೊಟ್ಟ. ಅರವತ್ತೊಂದು ವರ್ಷ ಆಳಿದ ಅಜ್ಜನ ದಾಖಲೆ ಮೀರಬಾರದೆಂಬುದು ಯೌವನದಲ್ಲೇ ಕೈಗೊಂಡ ಪ್ರತಿಜ್ಞೆ. ಮಗ ಜಿಯಾಚಿಂಗ್ ಸಿಂಹಾಸನವೇರಿದ. ಅಧಿಕಾರ ಮಾತ್ರ ತಂದೆಯ ಬಳಿಯೇ ಉಳಿಯಿತು. ನೆನಪಿನ ಶಕ್ತಿ ಕುಂದುತ್ತಿದ್ದ ತಂದೆಯ ಮಾತನ್ನು ಅರ್ಥೈಸುವವನು ಹೆಷೆನ್. 1799ರ ಫೆಬ್ರುವರಿ 7ರಂದು, ಎಂಬತ್ತೇಳನೇ ವಯಸ್ಸಿನಲ್ಲಿ ಚಿಯಾನ್‌ಲಾಂಗ್ ಕೊನೆಯುಸಿರೆಳೆದ.

ವಾರ ಕಳೆಯುವ ಮೊದಲೇ ಹೆಷೆನ್ ಸೆರೆಯಾದ. ಇಪ್ಪತ್ತು ಆರೋಪಗಳ ಪಟ್ಟಿ ಹೊರಬಿತ್ತು. ಹದಿನೈದೇ ದಿನಗಳಲ್ಲಿ ರೇಷ್ಮೆಯ ಹಗ್ಗ ಕಳುಹಿಸಿ ಆತ ನೇಣು ಬಿಗಿದುಕೊಳ್ಳುವಂತೆ ಮಾಡಲಾಯಿತು. ಮುಟ್ಟುಗೋಲಾದ ಚಿನ್ನ, ಬೆಳ್ಳಿ, ಮುತ್ತು, ಜೇಡ್ ರಾಶಿಯನ್ನು ಕಂಡು ದೇಶ ದಂಗಾಯಿತು.

ದಾರಿಯಲ್ಲೇ ಉಳಿದ ಬಂಡೆಗಳು

ಹೊಸ ಚಕ್ರವರ್ತಿ ಅದೇ 1799ರಲ್ಲಿ ಹೊರಡಿಸಿದ ಇನ್ನೊಂದು ಆಜ್ಞೆ ಅಷ್ಟಾಗಿ ಪ್ರಚಾರ ಪಡೆದಿಲ್ಲ. ತಂದೆಗಾಗಿ ಯಾರ್ಕಂದಿನಿಂದ ಭಾರಿ ಜೇಡ್ ಬಂಡೆಗಳನ್ನು ಜನ ಮತ್ತು ಜಾನುವಾರು ಹೂಡಿ ಎಳೆತರಲಾಗುತ್ತಿತ್ತು. ಅವು ಎಲ್ಲಿಯವರೆಗೆ ಬಂದಿವೆಯೋ ಅಲ್ಲೇ ಬಿಟ್ಟುಬಿಡುವಂತೆ ಜಿಯಾಚಿಂಗ್ ಆದೇಶಿಸಿದ. ಬಂಡೆಗಳು ಮರುಭೂಮಿಯ ದಾರಿಯ ಬದಿಯಲ್ಲೇ ಉಳಿದವು. ಖಾಸಗಿ ಜೇಡ್ ವ್ಯಾಪಾರದ ನಿರ್ಬಂಧವೂ ಸಡಿಲಗೊಂಡಿತು. ಅರಮನೆಯ ಸ್ವತ್ತಾಗಿದ್ದ ಕಲ್ಲು ಪೇಟೆಗೆ ಇಳಿಯಿತು. ವ್ಯಾಪಾರಿಗಳೂ ಪಂಡಿತರೂ ಜೇಡ್ ಕುಪ್ಪಿ ಕೊಳ್ಳುವಂತಾಯಿತು. ಬರ್ಮಾದಿಂದ ಬರುತ್ತಿದ್ದ ಹಸಿರು ಜೇಡೈಟ್ ಕೂಡ ಇದೇ ಕಾಲದಲ್ಲಿ ಜನಪ್ರಿಯವಾಯಿತು.

ಚಿಯಾನ್‌ಲಾಂಗ್ ಜತನದಿಂದ ಕೂಡಿಟ್ಟದ್ದು ಚದುರಿಹೋಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಬೀಜಿಂಗ್ ಹೊರವಲಯದ ಬೇಸಿಗೆ ಅರಮನೆಯನ್ನು ಲೂಟಿ ಮಾಡಿ ಸುಟ್ಟರು. ಅಲ್ಲಿನ ಜೇಡ್ ವಸ್ತುಗಳು ಲಂಡನ್, ಪ್ಯಾರಿಸ್ ಹರಾಜುಕಟ್ಟೆ ಸೇರಿದವು. 1928ರಲ್ಲಿ ಸುನ್ ದಿಯಾನ್‌ಯಿಂಗ್ ಎಂಬ ಸೇನಾನಾಯಕನ ಪಡೆ ಚಕ್ರವರ್ತಿಯ ಸಮಾಧಿಯನ್ನೇ ಒಡೆಯಿತು. ಜತೆಗಿಟ್ಟಿದ್ದ ಒಡವೆಗಳು ಹೋದವು. ಮೂಳೆಗಳು ಕೆಸರುನೀರಿನಲ್ಲಿ ಚೆಲ್ಲಾಪಿಲ್ಲಿಯಾದವು. ಸಿಂಹಾಸನ ಕಳೆದುಕೊಂಡಿದ್ದ ಪು ಯಿ ಕಳುಹಿಸಿದ ಕೆಲವರು ಅವನ್ನು ಆಯ್ದು ಮತ್ತೆ ಮಣ್ಣು ಮಾಡಿದರು.

ಉಳಿದುಕೊಂಡವು ಕುಪ್ಪಿಗಳು. ಬೀಜಿಂಗ್, ತೈಪೆ, ಲಂಡನ್, ನ್ಯೂಯಾರ್ಕ್‌ಗಳ ಸಂಗ್ರಹಾಲಯಗಳಲ್ಲಿ ಅವು ಸಾಲಾಗಿ ನಿಂತಿವೆ. ಕೆಲವುಗಳ ತಳದಲ್ಲಿ ಚಿಯಾನ್‌ಲಾಂಗ್ ಶಕೆಯ ಮುದ್ರೆಯಿದೆ. ಕಾಲಿನಿಂದ ಯಂತ್ರ ತುಳಿದು, ಕಾಣದ ಒಳಗೋಡೆಯನ್ನು ಅಂದಾಜಿನಿಂದಲೇ ಸವೆಸಿದವರ ಹೆಸರು ಬಹುತೇಕ ಕುಪ್ಪಿಗಳ ಮೇಲಿಲ್ಲ. ನದಿಯಲ್ಲಿ ಬರಿಗಾಲಲ್ಲಿ ನಡೆದು ಆ ಕಲ್ಲು ಎತ್ತಿದವನ ಪಾಲಿಗೆ ಉಳಿದದ್ದು ಲೆಕ್ಕದ ಹಾಳೆಯ ಒಂದು ಕೆಂಪು ಚುಕ್ಕೆ ಮಾತ್ರ.